ಕಾಳಿಯ ನೀರಿಗೆ ವಿದ್ಯುತ್ತಿನ ವೇಳಾಪಟ್ಟಿ

ಕರ್ನಾಟಕದ ಪಶ್ಚಿಮ ಘಟ್ಟಗಳಲ್ಲಿ ರ‍್ಯಾಫ್ಟಿಂಗ್, ಅಂದರೆ ಗಾಳಿ ತುಂಬಿದ ರಬ್ಬರ್ ತೆಪ್ಪದಲ್ಲಿ ಕುಳಿತು ಹುಟ್ಟುಹಾಕುತ್ತ ರಭಸದ ನೀರಿನಲ್ಲಿ ಇಳಿದುಹೋಗುವ ವಿಹಾರ, ಬಹುಮಟ್ಟಿಗೆ ಮಳೆಗಾಲಕ್ಕೆ ಕಟ್ಟುಬಿದ್ದದ್ದು. ದಕ್ಷಿಣ ಕೊಡಗಿನ ಬರಪೊಳೆಯಲ್ಲಾಗಲಿ, ಆಗುಂಬೆ ಘಟ್ಟದ ಕೆಳಗಿನ ಸೀತಾನದಿಯಲ್ಲಾಗಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಅವಧಿಯಲ್ಲಿ ಮಾತ್ರ ತೆಪ್ಪ ತೇಲುವಷ್ಟು ಹರಿವು ಇರುತ್ತದೆ. ಮಳೆ ನಿಂತ ಕೆಲವು ವಾರಗಳಲ್ಲಿ ಬಂಡೆಗಳು ತಲೆಯೆತ್ತಿ, ನದಿಯು ಮಡುವಿನಿಂದ ಮಡುವಿಗೆ ತೆಳ್ಳಗೆ ಜಾರುವ ತೊರೆಯಾಗಿಬಿಡುತ್ತದೆ. ಉತ್ತರ ಕನ್ನಡ ಜಿಲ್ಲೆಯ ಕಾಳಿ ನದಿಯಲ್ಲಿ ಈ ಕ್ರಮ ತಲೆಕೆಳಗಾಗಿದೆ. ಮಳೆಗಾಲದಲ್ಲಿ ಇಲ್ಲಿ ತೆಪ್ಪಗಳನ್ನು ದಡಕ್ಕೆ ಎಳೆದಿಡಲಾಗುತ್ತದೆ. ಅಕ್ಟೋಬರಿನಿಂದ ಮೇ ತಿಂಗಳವರೆಗೆ, ನಾಡಿನ ಉಳಿದ ಹೊಳೆಗಳು ಬತ್ತುತ್ತಿರುವಾಗ, ದಾಂಡೇಲಿ ಮತ್ತು ಗಣೇಶಗುಡಿಯ ನಡುವೆ ನೀರು ನೊರೆಗಟ್ಟಿ ಹರಿಯುತ್ತಿರುತ್ತದೆ. ಈ ವೈಪರೀತ್ಯದ ಕಾರಣ ಪ್ರಕೃತಿಯಲ್ಲಿಲ್ಲ, ವಿದ್ಯುತ್ ಉತ್ಪಾದನೆಯ ಲೆಕ್ಕಾಚಾರದಲ್ಲಿದೆ ಎಂಬುದನ್ನು ಅರಿಯದೆ ಕಾಳಿಯ ಪ್ರವಾಸವನ್ನು ಯೋಜಿಸುವವರು ಒಂದೋ ನೀರಿಲ್ಲದ ಹೊತ್ತಿಗೆ ಹೋಗಿ ಸೇರುತ್ತಾರೆ, ಇಲ್ಲವೇ ನೀರು ಏರುವ ಹೊತ್ತಿಗೆ ನದಿಯ ನಡುವಿನ ಬಂಡೆಯ ಮೇಲೆ ಕುಳಿತಿರುತ್ತಾರೆ.

ಈಗಿನ ರೂಢಿಯಲ್ಲಿ ಪ್ರವಾಸದ ಯೋಜನೆ ಎಂದರೆ ಮೊದಲು ರೆಸಾರ್ಟಿನ ಕೋಣೆಯನ್ನು ಕಾಯ್ದಿರಿಸಿ, ಆಮೇಲೆ ಅದರ ಸುತ್ತ ಸಿಗುವ ಚಟುವಟಿಕೆಗಳನ್ನು ಜೋಡಿಸಿಕೊಳ್ಳುವುದು. ಕಾಳಿಯ ಮಟ್ಟಿಗೆ ಈ ಕ್ರಮ ತಪ್ಪು. ಇಲ್ಲಿ ನೀರಿನಿಂದ ಆರಂಭಿಸಿ ಕೋಣೆಯ ಕಡೆಗೆ ಬರಬೇಕು. ಜೊಯಿಡಾ ತಾಲ್ಲೂಕಿನ ಡಿಗ್ಗಿ ಗ್ರಾಮದ ಬಳಿ ಹುಟ್ಟಿ, ಸುಮಾರು 184 ಕಿಲೋಮೀಟರ್ ಹರಿದು ಕಾರವಾರದ ಸದಾಶಿವಗಡದ ಬಳಿ ಅರಬ್ಬೀ ಸಮುದ್ರವನ್ನು ಸೇರುವ ಈ ನದಿ ಭೂಪಟದಲ್ಲಿ ಒಂದೇ ಗೆರೆಯಾಗಿ ಕಂಡರೂ ವಾಸ್ತವದಲ್ಲಿ ಅಣೆಕಟ್ಟುಗಳಿಂದ ತುಂಡುತುಂಡಾಗಿದೆ, ಒಂದೊಂದು ತುಂಡಿನ ನೀರೂ ಒಂದೊಂದು ಬಗೆಯಾಗಿ ನಡೆದುಕೊಳ್ಳುತ್ತದೆ. ಮೇಲೆ ಸೂಪಾ ಜಲಾಶಯದ ನಿಂತ ನೀರು. ಅದರ ಕೆಳಗೆ ಗಣೇಶಗುಡಿಯಿಂದ ಮೌಳಂಗಿಯ ಕಡೆಗೆ ಇಳಿಯುವ ರಭಸದ ನೀರು. ದಾಂಡೇಲಿಯ ಆಸುಪಾಸಿನಲ್ಲಿ ನಿಧಾನಗೊಂಡು ಬೊಮ್ಮನಹಳ್ಳಿಯ ಹಿನ್ನೀರಿಗೆ ಸೇರುವ ಮಂದಗತಿಯ ನೀರು. ಘಟ್ಟದ ಕೆಳಗೆ ಕೊಡಸಳ್ಳಿ, ಕದ್ರಾ ಜಲಾಶಯಗಳು. ಕೊನೆಗೆ ಕದ್ರಾದಿಂದ ಕೆಳಗೆ ಸಮುದ್ರದ ಉಬ್ಬರ ಇಳಿತಗಳಿಗೆ ಒಳಪಟ್ಟ ಅಳಿವೆಯ ನೀರು. ಇವುಗಳಲ್ಲಿ ಯಾವುದರ ಮೇಲೆ ತೇಲಬೇಕು ಎಂಬುದು ಮೊದಲು ತೀರ್ಮಾನವಾಗಬೇಕಾದ ಸಂಗತಿ, ಏಕೆಂದರೆ ದೋಣಿಯ ಬಗೆ, ತಿಂಗಳು, ದಿನದ ಹೊತ್ತು, ಜತೆಗೆ ಕರೆದೊಯ್ಯಬಹುದಾದವರ ವಯಸ್ಸು ಎಲ್ಲವೂ ಅದನ್ನೇ ಅವಲಂಬಿಸಿವೆ.

ಕಾಳಿ ಮತ್ತು ಪಾಂಡರಿ ನದಿಗಳು ಕೂಡುವ ಎಡೆಯಲ್ಲಿ 101 ಮೀಟರ್ ಎತ್ತರಕ್ಕೆ ಕಟ್ಟಿ 1987ರಲ್ಲಿ ಪೂರ್ಣಗೊಳಿಸಿದ ಸೂಪಾ ಅಣೆಕಟ್ಟು ಸುಮಾರು 147 ಟಿಎಂಸಿ ನೀರನ್ನು ಹಿಡಿದಿಡಬಲ್ಲದು. ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ. ಅಷ್ಟು ನೀರು ಒಂದು ಹಗಲು ಒಂದು ರಾತ್ರಿಯಲ್ಲಿ ಖಾಲಿಯಾಗಬೇಕಾದರೆ ಸೆಕೆಂಡಿಗೆ ಹನ್ನೊಂದೂವರೆ ಸಾವಿರ ಘನ ಅಡಿಗಿಂತ ಸ್ವಲ್ಪ ಹೆಚ್ಚು, ಅಂದರೆ ಅಷ್ಟೇ ಕ್ಯೂಸೆಕ್, ಹರಿಯುತ್ತಿರಬೇಕು. ಈ ಅಣೆಕಟ್ಟಿನ ಅಡಿಯಲ್ಲಿರುವ ವಿದ್ಯುದಾಗಾರದ ಸಾಮರ್ಥ್ಯ 100 ಮೆಗಾವ್ಯಾಟ್ ಮಾತ್ರ. ಜಲಾಶಯದ ಗಾತ್ರಕ್ಕೆ ಹೋಲಿಸಿದರೆ ಅದು ಅಲ್ಪ. ಸೂಪಾದ ನಿಜವಾದ ಕೆಲಸ ಕೆಳಗಿನ ವಿದ್ಯುದಾಗಾರಗಳಿಗೆ ನೀರು ಒದಗಿಸುವುದು. ಇಲ್ಲಿಂದ ಬಿಟ್ಟ ನೀರು ನದಿಯ ಪಾತ್ರದಲ್ಲೇ ಹರಿದು ಬೊಮ್ಮನಹಳ್ಳಿಯ ತಡೆ ಅಣೆಕಟ್ಟನ್ನು ಸೇರಿ, ಅಲ್ಲಿಂದ ಸುರಂಗದ ಮೂಲಕ ನಾಗಝರಿಯ ಆಳವಾದ ಕಣಿವೆಗೆ ಬಿದ್ದು ಸುಮಾರು 900 ಮೆಗಾವ್ಯಾಟ್ ಸಾಮರ್ಥ್ಯದ ಯಂತ್ರಗಳನ್ನು ತಿರುಗಿಸುತ್ತದೆ. ಅಷ್ಟಕ್ಕೇ ಬಿಡುಗಡೆ ಸಿಗದೆ ಮುಂದೆ ಕೊಡಸಳ್ಳಿಯಲ್ಲಿ ಮತ್ತೊಮ್ಮೆ, ಕದ್ರಾದಲ್ಲಿ ಮಗದೊಮ್ಮೆ ದುಡಿದು ಆಮೇಲೆ ಕಡಲಿಗೆ ಹೋಗುತ್ತದೆ. ಪ್ರವಾಸಿಗಳು ತೆಪ್ಪ ಬಿಡುವ ಗಣೇಶಗುಡಿ ಮತ್ತು ಮೌಳಂಗಿಯ ನಡುವಿನ ಹತ್ತು ಕಿಲೋಮೀಟರಿನ ಆಸುಪಾಸಿನ ಪಾತ್ರವು, ಎರಡು ವಿದ್ಯುತ್ ಕಟ್ಟಡಗಳ ನಡುವೆ ನೀರನ್ನು ಸಾಗಿಸುವ ಹಾದಿ. ಇಲ್ಲಿನ ನೊರೆ, ಅಲೆ, ರೋಮಾಂಚನ ಎಲ್ಲವೂ ವಿದ್ಯುತ್ತಿನ ಉಪೋತ್ಪನ್ನ ಎಂದರೆ ನಿಸರ್ಗಪ್ರಿಯರಿಗೆ ಕೊಂಚ ಇರಿಸುಮುರಿಸಾಗಬಹುದು. ಈ ಜಲಾಶಯಕ್ಕಾಗಿ ಜೊಯಿಡಾ ತಾಲ್ಲೂಕಿಗೆ ಹಿಂದೆ ಹೆಸರು ಕೊಟ್ಟಿದ್ದ ಸೂಪಾ ಪಟ್ಟಣವೇ ಮುಳುಗಿತು, ಅಲ್ಲಿನ ಅನೇಕ ಕುಟುಂಬಗಳು ಅದೇ ತಾಲ್ಲೂಕಿನ ರಾಮನಗರಕ್ಕೆ ಸ್ಥಳಾಂತರಗೊಂಡವು ಎಂಬುದು ಪ್ರವಾಸದ ಕರಪತ್ರಗಳಲ್ಲಿ ಸಾಮಾನ್ಯವಾಗಿ ಕಾಣದ ಮಾತು.

ಜಲವಿದ್ಯುತ್ತಿಗೆ ಇರುವ ವಿಶೇಷ ಗುಣವೆಂದರೆ ಅದನ್ನು ನಿಮಿಷಗಳಲ್ಲಿ ಹೆಚ್ಚಿಸಬಹುದು, ನಿಮಿಷಗಳಲ್ಲಿ ನಿಲ್ಲಿಸಬಹುದು. ಕಲ್ಲಿದ್ದಲಿನ ಸ್ಥಾವರವನ್ನು ಹಾಗೆ ಬೇಕೆಂದಾಗ ಆರಿಸಿ ಬೇಕೆಂದಾಗ ಹೊತ್ತಿಸಲು ಬರುವುದಿಲ್ಲವಾದ್ದರಿಂದ, ಬೇಡಿಕೆ ಏರುವ ಹೊತ್ತಿನ ಹೊರೆಯನ್ನು ಹೊರುವ ಕೆಲಸ ಜಲವಿದ್ಯುತ್ತಿನ ಪಾಲಿಗೆ ಬರುತ್ತದೆ. ವರ್ಷದ ಲೆಕ್ಕದಲ್ಲಿ ಬೇಸಿಗೆಯ ಬೇಡಿಕೆಗೆಂದು ಮಳೆಗಾಲದ ನೀರನ್ನು ಕೂಡಿಡುವುದೂ ಇದೇ ಕಾರಣಕ್ಕೆ. ಕಾಳಿಯ ರ‍್ಯಾಫ್ಟಿಂಗ್ ಬೇಸಿಗೆಯಲ್ಲಿ ನಡೆಯುವ ಗುಟ್ಟು ಇಷ್ಟೇ. ಇದರಿಂದ ಯೋಜಕರು ತಿಳಿಯಬೇಕಾದದ್ದು ಎರಡು. ನೀರು ಯಾವ ದಿನ, ಯಾವ ಹೊತ್ತಿನಲ್ಲಿ, ಎಷ್ಟು ಬರುತ್ತದೆ ಎಂಬುದನ್ನು ನಿರ್ಧರಿಸುವವರು ಪ್ರವಾಸದ ಸಂಘಟಕರಲ್ಲ. ಬೆಳಿಗ್ಗೆ ಒಂಬತ್ತಕ್ಕೆ ತೆಪ್ಪ ಹೊರಡುತ್ತದೆಂದು ಹೇಳಿದ್ದು ಹನ್ನೊಂದಕ್ಕೆ ಸರಿದರೆ ಅದನ್ನು ಸಂಘಟಕರ ಸೋಮಾರಿತನವೆಂದು ಭಾವಿಸುವ ಮೊದಲು ವಿದ್ಯುದಾಗಾರದ ಯಂತ್ರ ಓಡುತ್ತಿದೆಯೇ ಎಂದು ವಿಚಾರಿಸುವುದು ನ್ಯಾಯ. ಎರಡನೆಯದಾಗಿ, ಮಳೆ ಕೈಕೊಟ್ಟ ವರ್ಷದ ಮರುಬೇಸಿಗೆಯಲ್ಲಿ ಜಲಾಶಯದ ಮಟ್ಟ ತಗ್ಗಿರುವಾಗ ನೀರು ಬಿಡುವುದರಲ್ಲೂ ಬಿಗಿ ಬರುತ್ತದೆ. ಆದ್ದರಿಂದ ಏಪ್ರಿಲಿನ ಪ್ರವಾಸವನ್ನು ಯೋಜಿಸುವವರು ಹಿಂದಿನ ಸೆಪ್ಟೆಂಬರಿನ ಪತ್ರಿಕೆಗಳಲ್ಲಿ ಸೂಪಾ ಎಷ್ಟು ತುಂಬಿತ್ತೆಂದು ನೋಡಿಕೊಂಡರೆ ಅದು ಯಾವ ಹವಾಮಾನ ಮುನ್ಸೂಚನೆಗಿಂತಲೂ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ನೀರು ಬಿಟ್ಟಾಗ ನದಿಯ ಮಟ್ಟ ಏರುವುದು ಮೋಡ, ಮಳೆ, ಗುಡುಗು ಇತ್ಯಾದಿ ಯಾವ ಸೂಚನೆಯೂ ಇಲ್ಲದೆ, ನಿರ್ಮಲ ಆಕಾಶದ ಕೆಳಗೆ. ನಾಡಿನವರಿಗೆ ನೆರೆಯ ಬಗ್ಗೆ ಇರುವ ತಿಳಿವಳಿಕೆಯೆಲ್ಲ ಮಳೆಯೊಂದಿಗೆ ಹೆಣೆದುಕೊಂಡಿರುವುದರಿಂದ ಇಂತಹ ಏರಿಕೆ ಅವರ ಎಣಿಕೆಗೆ ಸಿಗುವುದಿಲ್ಲ. ಬೆಳಗಿನ ಹೊತ್ತು ಮೊಣಕಾಲುದ್ದ ಇದ್ದ ತೊರೆಯನ್ನು ದಾಟಿ ನಡುಗಡ್ಡೆಗೆ ಹೋಗಿ ಬುತ್ತಿ ಬಿಚ್ಚಿದ ಗುಂಪು ಹಿಂತಿರುಗುವ ಹೊತ್ತಿಗೆ ಅದೇ ತೊರೆ ಎದೆಯುದ್ದವಾಗಿ ಸೆಳೆಯುತ್ತಿರಬಹುದು. ಅಣೆಕಟ್ಟಿನ ಕೆಳಗಿನ ಯಾವುದೇ ನದಿಯಲ್ಲಿ, ಎಚ್ಚರಿಕೆಯ ಸೈರನ್ ಇರಲಿ ಇಲ್ಲದಿರಲಿ, ಸ್ಥಳೀಯರು ಬೇಡವೆಂದ ಕಡೆ ಇಳಿಯದಿರುವುದೇ ಕ್ಷೇಮ. ತೆಪ್ಪದಲ್ಲಿ ಕುಳಿತವರಿಗಿಂತ ದಡದಲ್ಲಿ ಫೋಟೋ ತೆಗೆಯುತ್ತ ಬಂಡೆಯಿಂದ ಬಂಡೆಗೆ ಜಿಗಿಯುವವರಿಗೆ ಈ ಅಪಾಯ ಹೆಚ್ಚು, ಏಕೆಂದರೆ ಅವರ ಮೈಮೇಲೆ ಲೈಫ್ ಜಾಕೆಟ್ ಇರುವುದಿಲ್ಲ.

ರಭಸದ ನೀರಿನ ಕಷ್ಟವನ್ನು ಅಳೆಯಲು ಜಗತ್ತಿನಾದ್ಯಂತ ಬಳಕೆಯಲ್ಲಿರುವುದು ಒಂದರಿಂದ ಆರರವರೆಗಿನ ದರ್ಜೆ. ಒಂದನೆಯ ದರ್ಜೆಯೆಂದರೆ ಚಿಕ್ಕ ಅಲೆಗಳೊಂದಿಗೆ ಹರಿಯುವ, ಅಡೆತಡೆಯಿಲ್ಲದ ನೀರು. ಎರಡನೆಯದರಲ್ಲಿ ಬಂಡೆಗಳಿದ್ದರೂ ಅಗಲವಾದ ದಾರಿ ಕಣ್ಣಿಗೆ ಕಾಣುತ್ತದೆ. ಮೂರನೆಯದರಲ್ಲಿ ಅಲೆಗಳು ಕ್ರಮ ತಪ್ಪಿ ಏಳುತ್ತವೆ, ತೆಪ್ಪವನ್ನು ಬೇಕಾದ ಕಡೆಗೆ ತಿರುಗಿಸುವ ಕೌಶಲ ಬೇಕಾಗುತ್ತದೆ. ನಾಲ್ಕು, ಐದು ದರ್ಜೆಗಳು ಪಳಗಿದವರಿಗೆ ಮಾತ್ರ, ಆರನೆಯದು ಬಹುತೇಕ ಅಸಾಧ್ಯ. ಕಾಳಿಯ ಗಣೇಶಗುಡಿಯ ಪಾತ್ರದಲ್ಲಿ ಸಿಗುವುದು ಹೆಚ್ಚಾಗಿ ಎರಡು ಮತ್ತು ಮೂರನೆಯ ದರ್ಜೆಯ ರ‍್ಯಾಪಿಡ್‌ಗಳು, ಅಂದರೆ ನದಿಯ ತಳ ಥಟ್ಟನೆ ಇಳಿಜಾರಾಗಿ ಅಥವಾ ಪಾತ್ರ ಕಿರಿದಾಗಿ ನೀರು ಒಡೆದು ಧುಮುಕುವ ಎಡೆಗಳು. ಈಜು ಬಾರದವರೂ ಸರಿಯಾದ ಸಲಕರಣೆ ಮತ್ತು ಮಾರ್ಗದರ್ಶಕರ ಜತೆಗೆ ಇಲ್ಲಿ ಇಳಿಯಬಹುದೆಂಬ ಮಾತು ನಿಜವಾದರೂ ಅದಕ್ಕೆ ಒಂದು ಷರತ್ತಿದೆ: ದರ್ಜೆಯು ಸ್ಥಳಕ್ಕೆ ಅಂಟಿದ ಗುಣವಲ್ಲ, ಅಂದಿನ ಹರಿವಿಗೆ ಅಂಟಿದ ಗುಣ. ಅದೇ ಎಡೆ ನೀರು ಕಡಿಮೆಯಾದಾಗ ತೆಪ್ಪದ ತಳವನ್ನು ಉಜ್ಜುವ ಕಲ್ಲುಗಳ ರಾಶಿ, ನೀರು ಮಿತಿಮೀರಿದಾಗ ಬೇರೆಯೇ ದರ್ಜೆ.

ಹರಿಯುವ ನೀರಿನ ಬಲವನ್ನು ಜನ ಸಾಮಾನ್ಯವಾಗಿ ಅದರ ಆಳದಿಂದ ಅಂದಾಜು ಮಾಡುತ್ತಾರೆ; ಅಳೆಯಬೇಕಾದ್ದು ವೇಗವನ್ನು. ನೀರಿನ ವೇಗ ಎರಡು ಪಟ್ಟಾದರೆ ಅದು ಅಡ್ಡಬಂದ ವಸ್ತುವಿನ ಮೇಲೆ ಹಾಕುವ ಒತ್ತಡ ನಾಲ್ಕು ಪಟ್ಟಾಗುತ್ತದೆ, ಮೂರು ಪಟ್ಟಾದರೆ ಒಂಬತ್ತು ಪಟ್ಟು. ಒಂದು ಘನ ಮೀಟರ್ ನೀರಿನ ತೂಕ ಒಂದು ಟನ್ ಎಂಬುದನ್ನು ಇದರ ಜತೆಗಿಟ್ಟು ನೋಡಿದರೆ, ಮೊಣಕಾಲುದ್ದದ ಸೆಳವಿನಲ್ಲೂ ಬಲಿಷ್ಠನೊಬ್ಬ ನಿಲ್ಲಲಾರದೆ ಬೀಳುವುದೇಕೆಂದು ತಿಳಿಯುತ್ತದೆ. ಹಾಗೆ ಬಿದ್ದವರು ಮಾಡುವ ಸಹಜವಾದ ಕೆಲಸ, ಅಂದರೆ ಎದ್ದು ನಿಲ್ಲಲು ಹೋಗುವುದು, ಅತ್ಯಂತ ಅಪಾಯದ ಕೆಲಸವೂ ಹೌದು: ಕಾಲು ಬಂಡೆಗಳ ಸಂದಿಯಲ್ಲಿ ಸಿಕ್ಕಿಬಿದ್ದರೆ ನೀರು ಮೈಯನ್ನು ಮುಂದಕ್ಕೆ ಮಡಚಿ ಒತ್ತಿಹಿಡಿಯುತ್ತದೆ. ತೆಪ್ಪದಿಂದ ಬಿದ್ದವರು ಅಂಗಾತ ಮಲಗಿ, ಪಾದಗಳನ್ನು ನೀರಿನ ಮೇಲ್ಮೈಗೆ ತಂದು, ಹರಿವಿನ ದಿಕ್ಕಿಗೆ ಕಾಲು ಚಾಚಿ ತೇಲಬೇಕೆಂದು ಹೊರಡುವ ಮುನ್ನ ಮಾರ್ಗದರ್ಶಕರು ಹೇಳಿಕೊಡುವುದು ಇದಕ್ಕಾಗಿ. ಎದುರಾಗುವ ಬಂಡೆಯನ್ನು ಕಾಲಿನಿಂದ ತಳ್ಳಬಹುದು, ತಲೆಯಿಂದ ತಳ್ಳಲಾಗದು.

ದೊಡ್ಡ ಬಂಡೆಯ ಹಿಂಬದಿಯಲ್ಲಿ ನೀರು ತಿರುಗಿ ಮೇಲ್ಮುಖವಾಗಿ ಹರಿಯುವ ಶಾಂತವಾದ ಜಾಗವೊಂದು ಇರುತ್ತದೆ. ಮಾರ್ಗದರ್ಶಕರ ಮಾತಿನಲ್ಲಿ ಅದು ಎಡ್ಡಿ. ಇದೇ ನದಿಯೊಳಗಿನ ತಂಗುದಾಣ: ಹಿಂದೆ ಬರುವ ತೆಪ್ಪಕ್ಕಾಗಿ ಕಾಯುವುದು, ಬಿದ್ದವರನ್ನು ಎತ್ತಿಕೊಳ್ಳುವುದು, ಮುಂದಿನ ಇಳಿಜಾರನ್ನು ಪರೀಕ್ಷಿಸುವುದು ಎಲ್ಲವೂ ಇಲ್ಲೇ. ಇದಕ್ಕೆ ತದ್ವಿರುದ್ಧವಾದದ್ದು ನೀರಿಗೆ ಬಾಗಿದ ಅಥವಾ ಮುಳುಗಿದ ಮರ, ಬಿದಿರುಮೆಳೆ. ಬಂಡೆಗೆ ಬಡಿದ ನೀರು ಪಕ್ಕಕ್ಕೆ ಸರಿದು ಹೋಗುವಾಗ ಮನುಷ್ಯನನ್ನೂ ಜತೆಗೆ ಒಯ್ಯುತ್ತದೆ; ಕೊಂಬೆಗಳ ನಡುವೆ ನೀರು ಸೋಸಿಹೋಗುತ್ತದೆ, ಮನುಷ್ಯ ಅಲ್ಲಿಯೇ ಉಳಿಯುತ್ತಾನೆ. ಹರಿವು ಏರಿದಾಗ ದಡದ ಮತ್ತು ನಡುಗಡ್ಡೆಗಳ ಗಿಡಗಂಟಿಗಳೆಲ್ಲ ನೀರಿನೊಳಗೆ ಬರುವುದರಿಂದ, ನೋಡಲು ಸೊಗಸಾದ ಆ ಹಸಿರು ಅಂಚಿನಿಂದ ದೂರವಿರುವ ತೆಪ್ಪವೇ ಸರಿಯಾದ ದಾರಿಯಲ್ಲಿರುವ ತೆಪ್ಪ.

ಸಂಘಟಕರನ್ನು ಆರಿಸುವಾಗ ಬೆಲೆಯ ಚೌಕಾಶಿಗಿಂತ ಮೊದಲು ಕೇಳಬೇಕಾದ ಪ್ರಶ್ನೆಗಳಿವೆ. ಒಂದು ತೆಪ್ಪದಲ್ಲಿ ಮಾರ್ಗದರ್ಶಕನನ್ನು ಬಿಟ್ಟು ಎಷ್ಟು ಜನರನ್ನು ಕೂರಿಸುತ್ತಾರೆ ಎಂಬುದು ಮೊದಲನೆಯದು. ಆರರಿಂದ ಎಂಟು ಜನರ ತೆಪ್ಪದಲ್ಲಿ ರಜಾದಿನದ ನೂಕುನುಗ್ಗಲಿಗೆ ಮಣಿದು ಹತ್ತು, ಹನ್ನೆರಡು ಜನರನ್ನು ತುಂಬಿದರೆ ಹುಟ್ಟುಹಾಕಲು ಜಾಗವೇ ಇರುವುದಿಲ್ಲ, ತೆಪ್ಪ ತಿರುಗುವುದಿಲ್ಲ. ಎಸೆಯುವ ಹಗ್ಗದ ಚೀಲ ಪ್ರತಿ ತೆಪ್ಪದಲ್ಲಿದೆಯೇ, ಜತೆಯಲ್ಲಿ ರಕ್ಷಣೆಯ ಕಯಾಕ್ ಬರುತ್ತದೆಯೇ, ಲೈಫ್ ಜಾಕೆಟಿನ ಎಲ್ಲ ಬಕ್ಕಲ್‌ಗಳೂ ಕೂಡುತ್ತವೆಯೇ, ಹೆಲ್ಮೆಟ್ ತಲೆಗೆ ಹೊಂದುತ್ತದೆಯೇ ಎಂಬುದನ್ನು ಹೊರಡುವ ಜಾಗದಲ್ಲೇ ಕಣ್ಣಾರೆ ನೋಡಬೇಕು. ಜಾಕೆಟ್ಟಿನ ಹೆಗಲ ಪಟ್ಟಿಯನ್ನು ಹಿಡಿದು ಮೇಲಕ್ಕೆ ಎಳೆದಾಗ ಅದು ಕಿವಿಯವರೆಗೆ ಬಂದರೆ ನೀರಿನಲ್ಲೂ ಹಾಗೆಯೇ ಬರುತ್ತದೆ. ಮಕ್ಕಳಿಗೆ ದೊಡ್ಡವರ ಜಾಕೆಟ್ ತೊಡಿಸುವುದು ತೊಡಿಸದಿರುವುದಕ್ಕಿಂತ ಹೆಚ್ಚೇನೂ ಮೇಲಲ್ಲ. ಉಡುಪಿನ ವಿಷಯದಲ್ಲಿ ಹೇಳಬೇಕಾದ್ದು ಕಡಿಮೆ: ಜೀನ್ಸ್ ಮತ್ತು ಹತ್ತಿಯ ದಪ್ಪ ಬಟ್ಟೆ ನೀರು ಹೀರಿ ಭಾರವಾಗುತ್ತವೆ, ಬೇಗ ಒಣಗುವ ಬಟ್ಟೆ ಒಳ್ಳೆಯದು, ಹವಾಯಿ ಚಪ್ಪಲಿ ಮೊದಲ ಅಲೆಗೇ ಕೊಚ್ಚಿಹೋಗುವುದರಿಂದ ಹಿಮ್ಮಡಿಗೆ ಪಟ್ಟಿಯಿರುವ ಪಾದರಕ್ಷೆ ಬೇಕು, ಕನ್ನಡಕಕ್ಕೆ ದಾರ ಕಟ್ಟಬೇಕು. ಜಲಾಶಯದ ಆಳದಿಂದ ಬರುವ ನೀರು ತಣ್ಣಗಿರುವುದರಿಂದ ಡಿಸೆಂಬರ್, ಜನವರಿಯ ಬೆಳಗುಗಳಲ್ಲಿ ಒಣಗಿದ ಬದಲಿ ಬಟ್ಟೆ ತೆಪ್ಪ ತಲುಪುವ ಜಾಗದಲ್ಲಿ ಸಿದ್ಧವಿರಬೇಕೆ ಹೊರತು ಹೊರಟ ಜಾಗದ ಕಾರಿನಲ್ಲಲ್ಲ. ನದಿಯ ಪ್ರವಾಸವು ಹೊರಟಲ್ಲಿಗೆ ಮರಳುವುದಿಲ್ಲ ಎಂಬ ಸರಳ ಸಂಗತಿ ಎಷ್ಟೋ ಯೋಜನೆಗಳಲ್ಲಿ ಮರೆತುಹೋಗುತ್ತದೆ.

ದಾಂಡೇಲಿಯಲ್ಲಿ ರ‍್ಯಾಫ್ಟಿಂಗ್ ಎಂಬ ಹೆಸರಿನಲ್ಲಿ ಎರಡು ಬೇರೆ ಬೇರೆ ಸರಕುಗಳು ಮಾರಾಟವಾಗುತ್ತವೆ. ಒಂದು, ಗಣೇಶಗುಡಿಯಿಂದ ಆರಂಭವಾಗಿ ಹಲವು ಇಳಿಜಾರುಗಳನ್ನು ದಾಟುವ ಉದ್ದನೆಯ ಪಯಣ. ಇನ್ನೊಂದು, ಒಂದೆರಡು ಪುಟ್ಟ ಇಳಿಜಾರುಗಳ ಸುತ್ತಮುತ್ತ ಸುತ್ತಿಸಿ ಮರಳಿ ದಡಕ್ಕೆ ತರುವ ಕಿರು ಸವಾರಿ. ಎರಡನೆಯದು ಚಿಕ್ಕ ಮಕ್ಕಳಿರುವ ಕುಟುಂಬಕ್ಕೆ ತಕ್ಕದ್ದೇ ಆದರೂ, ನದಿಯನ್ನು ನೋಡುವ ಆಸೆಯಿಂದ ಬೆಂಗಳೂರಿನಿಂದ ರಾತ್ರಿಯಿಡೀ ಬಸ್ಸಿನಲ್ಲಿ ಕುಳಿತು ಬಂದವರಿಗೆ ಅದು ಫೋಟೋ ತೆಗೆಸಿಕೊಳ್ಳುವ ಏರ್ಪಾಟಿಗಿಂತ ಹೆಚ್ಚೇನೂ ಅಲ್ಲ. ಪ್ಯಾಕೇಜಿನಲ್ಲಿ ರ‍್ಯಾಫ್ಟಿಂಗ್ ಸೇರಿದೆ ಎಂದು ಹೇಳಿದಾಗ ಎಲ್ಲಿಂದ ಎಲ್ಲಿಗೆ, ಎಷ್ಟು ಹೊತ್ತು ಎಂದು ಕೇಳದಿದ್ದರೆ ಈ ವ್ಯತ್ಯಾಸ ಹಣ ಕೊಟ್ಟ ಮೇಲಷ್ಟೇ ತಿಳಿಯುತ್ತದೆ. ರಭಸ ಬೇಡದವರಿಗೆ ಕಯಾಕ್ ಇದೆ: ಒಬ್ಬರು ಅಥವಾ ಇಬ್ಬರು ಕುಳಿತು ಎರಡೂ ತುದಿಗೆ ಅಲಗಿರುವ ಹುಟ್ಟಿನಿಂದ ಸಾಗಿಸುವ ಕಿರಿದೋಣಿ. ತುಂಗಭದ್ರೆ, ಕಾವೇರಿಗಳ ದಡದಲ್ಲಿ ಬಿದಿರಿನಿಂದ ಹೆಣೆದು ಬಳಸುತ್ತ ಬಂದ ಹರಿಗೋಲಿನ ಸವಾರಿಯೂ ಈಗ ದಾಂಡೇಲಿಯಲ್ಲಿ ಸಿಗುತ್ತದೆ. ಹರಿಗೋಲಿಗೆ ಮುಂದೆ ಹಿಂದೆ ಎಂಬುದಿಲ್ಲ. ಆದ್ದರಿಂದ ಅದನ್ನು ನೇರವಾಗಿ ನಡೆಸುವುದು ನೋಡಿದಷ್ಟು ಸುಲಭವಲ್ಲ, ಅಂಬಿಗನಿಗೇ ಬಿಡುವುದು ಮೇಲು.

ನೀರು ಶಾಂತವಾದಲ್ಲಿ ಇನ್ನೊಂದು ಲೆಕ್ಕ ಎದುರಾಗುತ್ತದೆ. ದಾಂಡೇಲಿ ಪಟ್ಟಣದ ಆಸುಪಾಸಿನ ಕಾಳಿಯಲ್ಲಿ ಮೊಸಳೆಗಳಿವೆ. ಇವು ಭಾರತದ ಸಿಹಿನೀರಿನ ಕೆರೆ ಹೊಳೆಗಳಲ್ಲೆಲ್ಲ ಇರುವ ಜೌಗು ಮೊಸಳೆಗಳು. ಆಳವಾದ, ಮಂದವಾಗಿ ಹರಿಯುವ ನೀರು, ಪಕ್ಕದಲ್ಲಿ ಬಿಸಿಲು ಕಾಯಿಸಲು ಬಂಡೆ ಅಥವಾ ಮಣ್ಣಿನ ದಡ ಇವು ಅವುಗಳಿಗೆ ಪ್ರಿಯ. ಚಳಿಗಾಲದ ಬೆಳಗುಗಳಲ್ಲಿ ಮೈ ಬಿಸಿಮಾಡಿಕೊಳ್ಳಲು ಅವು ದಡಕ್ಕೆ ಬಂದಾಗ ದೂರದಿಂದ ನೋಡುವುದು ಪ್ರವಾಸದ ಒಳ್ಳೆಯ ಭಾಗವೇ; ಆದರೆ ಮನುಷ್ಯರ ಮೇಲೆ ದಾಳಿಗಳಾಗಿ ಸಾವುಗಳೂ ಸಂಭವಿಸಿರುವ ಪಾತ್ರ ಇದಾದ್ದರಿಂದ, ಬಟ್ಟೆ ಒಗೆಯಲು, ಈಜಲು, ಕೈಕಾಲು ತೊಳೆಯಲು ಸಿಕ್ಕ ಕಡೆ ನೀರಿಗೆ ಇಳಿಯುವುದು ಸಲ್ಲದು. ರಭಸವಿರುವಲ್ಲಿ ಈಜಬಾರದು ಎಂಬುದು ಎಲ್ಲರಿಗೂ ತಾನಾಗಿ ಹೊಳೆಯುತ್ತದೆ, ನಿಶ್ಚಲವಾದ ನೀರು ಕಂಡರೆ ಧೈರ್ಯ ಬರುತ್ತದೆ; ಕಾಳಿಯಲ್ಲಿ ಧೈರ್ಯ ತಗ್ಗಬೇಕಾದದ್ದು ಈ ಎರಡನೆಯ ಜಾಗದಲ್ಲಿ. ದಡದಲ್ಲಿ ಮಾಂಸದ ಊಟದ ಎಲೆ, ಮೂಳೆಗಳನ್ನು ನೀರಿಗೆಸೆಯುವ ಪ್ರವಾಸಿಗಳು ತಮಗಲ್ಲದಿದ್ದರೂ ಮಾರನೆಯ ದಿನ ಅಲ್ಲಿಗೆ ಬಟ್ಟೆ ಒಗೆಯಲು ಬರುವ ಹೆಂಗಸರಿಗೆ ಕೇಡು ಮಾಡುತ್ತಾರೆ.

ನದಿಯ ಎರಡೂ ದಡಗಳ ಕಾಡಿನ ಬಹುಭಾಗ ಕಾಳಿ ಹುಲಿ ಸಂರಕ್ಷಿತ ಪ್ರದೇಶಕ್ಕೆ ಸೇರಿದ್ದು. ದಾಂಡೇಲಿ ಅಭಯಾರಣ್ಯ ಮತ್ತು ಅಣಶಿ ರಾಷ್ಟ್ರೀಯ ಉದ್ಯಾನಗಳನ್ನು ಕೂಡಿಸಿ 2007ರಲ್ಲಿ ಘೋಷಿಸಿದ ಈ ಪ್ರದೇಶಕ್ಕೆ 2015ರಲ್ಲಿ ನದಿಯ ಹೆಸರನ್ನೇ ಇಡಲಾಯಿತು. ಹಾಗಾಗಿ ದಡದಲ್ಲಿ ಬೇಕಾದಲ್ಲಿ ಡೇರೆ ಹೂಡುವುದು, ಒಲೆ ಹೊತ್ತಿಸುವುದು, ರಾತ್ರಿ ನಡೆದಾಡುವುದು ಇಲ್ಲಿ ಸಾಧ್ಯವಿಲ್ಲ. ವಾಸ್ತವ್ಯವನ್ನು ಅರಣ್ಯದ ಗಡಿಯಾಚೆ ಅಥವಾ ಅನುಮತಿಯಿರುವ ಶಿಬಿರಗಳಲ್ಲಿ ಮಾಡಿಕೊಳ್ಳಬೇಕು. ಸೂಪಾ ಅಣೆಕಟ್ಟಿನ ಬಳಿ ಹೋಗಲೂ ವಿದ್ಯುತ್ ನಿಗಮದ ಪರವಾನಗಿ ಬೇಕು. ಅಣೆಕಟ್ಟು ಕಟ್ಟುವಾಗ ಸಿಡಿಮದ್ದು ಇಡುತ್ತಿದ್ದ ಗಣೇಶಗುಡಿಯ ಕಟ್ಟಡವೊಂದು ಈಗ ಓಲ್ಡ್ ಮ್ಯಾಗಜೀನ್ ಹೌಸ್ ಎಂಬ ಹೆಸರಿನಲ್ಲಿ ಸರ್ಕಾರಿ ಒಡೆತನದ ಜಂಗಲ್ ಲಾಡ್ಜಸ್ ಸಂಸ್ಥೆಯ ಶಿಬಿರವಾಗಿದೆ. ಅಲ್ಲಿ ಹಕ್ಕಿಗಳು ನೀರು ಕುಡಿಯಲು, ಮೀಯಲು ಬರುವ ತೊಟ್ಟಿಗಳ ಮುಂದೆ ಕ್ಯಾಮೆರಾ ಹಿಡಿದವರು ಗಂಟೆಗಟ್ಟಲೆ ಉಸಿರುಬಿಗಿಹಿಡಿದು ಕೂರುತ್ತಾರೆ. ಈ ಸೀಮೆಯ ಹೆಗ್ಗಳಿಕೆ ಮಂಗಟ್ಟೆ ಹಕ್ಕಿಗಳು. ಅವುಗಳ ಸಲುವಾಗಿಯೇ 2011ರಲ್ಲಿ ದಾಂಡೇಲಿಯಲ್ಲಿ ಪ್ರತ್ಯೇಕ ಸಂರಕ್ಷಣಾ ಮೀಸಲು ಪ್ರದೇಶ ಘೋಷಣೆಯಾಗಿದೆ. ಗೂಡುಕಟ್ಟುವ ಕಾಲದಲ್ಲಿ ಹೆಣ್ಣು ಮಂಗಟ್ಟೆ ಮರದ ಪೊಟರೆಯೊಳಗೆ ಸೇರಿ ಬಾಗಿಲನ್ನು ಸಣ್ಣ ಸೀಳಷ್ಟೇ ಉಳಿಯುವಂತೆ ಮುಚ್ಚಿಕೊಳ್ಳುತ್ತದೆ, ಗಂಡು ಆ ಸೀಳಿನ ಮೂಲಕ ಹಣ್ಣು ತಂದುಣಿಸುತ್ತದೆ. ಫೆಬ್ರವರಿಯಿಂದ ಏಪ್ರಿಲ್‌ವರೆಗಿನ ಈ ಅವಧಿಯಲ್ಲಿ ಗೂಡಿನ ಮರದ ಬಳಿ ಗದ್ದಲ ಮಾಡುವ ಪ್ರವಾಸಿಗಳು ಒಂದು ಇಡೀ ಕುಟುಂಬದ ಊಟ ತಪ್ಪಿಸುತ್ತಾರೆ. ನದಿಗಾಗಿ ನವೆಂಬರ್ ಆರಿಸುವುದೋ, ಹಕ್ಕಿಗಾಗಿ ಫೆಬ್ರವರಿ ಆರಿಸುವುದೋ ಎಂಬ ದ್ವಂದ್ವಕ್ಕೆ ಸಿಕ್ಕವರಿಗೆ ಜನವರಿ ಒಳ್ಳೆಯ ರಾಜಿ. ಜೊಯಿಡಾದ ಕುಣಬಿ ಸಮುದಾಯದವರು ಬೆಳೆಯುವ ಬಗೆಬಗೆಯ ಗೆಡ್ಡೆಗೆಣಸುಗಳು ಮಾರುಕಟ್ಟೆಗೆ ಬರುವ ಕಾಲವೂ ಅದೇ.

ಬೊಮ್ಮನಹಳ್ಳಿಯಿಂದ ಕೆಳಗಿನ ಕಣಿವೆ ದೃಶ್ಯದ ದೃಷ್ಟಿಯಿಂದ ಇಡೀ ನದಿಯಲ್ಲೇ ಭವ್ಯವಾದ ಭಾಗ, ಆದರೆ ತೇಲುವವರ ಪಾಲಿಗೆ ಅದು ಖಾಲಿ. ನೀರು ಸುರಂಗಕ್ಕೆ ತಿರುಗಿರುವುದರಿಂದ ಮೂಲ ಪಾತ್ರದಲ್ಲಿ ಹರಿವು ಅಲ್ಪ. ಅಂಬಿಕಾನಗರದ ಸೈಕ್ಸ್ ಪಾಯಿಂಟಿನಿಂದ ಕಣಿವೆಯನ್ನು ನೋಡಿ ತೃಪ್ತಿಪಡಬೇಕು. ಅದರ ಕೆಳಗಿನ ಕೊಡಸಳ್ಳಿ ಮತ್ತು ಕದ್ರಾ ಜಲಾಶಯಗಳಲ್ಲಿ ದೋಣಿವಿಹಾರ ಯೋಚಿಸುವಂಥದಲ್ಲ, ಕದ್ರಾದ ದಡದಲ್ಲೇ ಕೈಗಾ ಅಣುಸ್ಥಾವರವಿದೆ. ಆದ್ದರಿಂದ ಗಣೇಶಗುಡಿಯಿಂದ ಜೊಯಿಡಾ, ಅಣಶಿ ಘಟ್ಟ, ಕದ್ರಾಗಳ ಮೂಲಕ ಕಾರವಾರಕ್ಕೆ ರಸ್ತೆಯಲ್ಲಿ ಹೋಗಿ ನದಿಯನ್ನು ಅದರ ಕೊನೆಯಲ್ಲಿ ಮತ್ತೆ ಹಿಡಿಯುವುದೇ ದಾರಿ. ಅರ್ಧ ದಿನ ಅದಕ್ಕೆ ಮೀಸಲಿಡಬೇಕು, ಮಳೆಗಾಲದಲ್ಲಾದರೆ ಘಟ್ಟದಲ್ಲಿ ಗುಡ್ಡ ಕುಸಿದಿಲ್ಲವೆಂದು ಮೊದಲೇ ಖಚಿತಪಡಿಸಿಕೊಳ್ಳಬೇಕು.

ಕಾರವಾರದ ಅಳಿವೆಯಲ್ಲಿ ವೇಳಾಪಟ್ಟಿ ಬರೆಯುವವನು ಚಂದ್ರ. ಸಮುದ್ರದ ನೀರು ದಿನಕ್ಕೆರಡು ಬಾರಿ ಏರಿ ಎರಡು ಬಾರಿ ಇಳಿಯುತ್ತದೆ; ಉಬ್ಬರದ ಹೊತ್ತು ದಿನದಿಂದ ದಿನಕ್ಕೆ ಸುಮಾರು ಐವತ್ತು ನಿಮಿಷ ಮುಂದೆ ಸರಿಯುತ್ತದೆ. ಹುಣ್ಣಿಮೆ, ಅಮಾವಾಸ್ಯೆಗಳ ಆಚೀಚೆ ಈ ಏರಿಳಿತ ದೊಡ್ಡದು, ಅಷ್ಟಮಿಯ ಆಸುಪಾಸಿನಲ್ಲಿ ಚಿಕ್ಕದು. ಒಂದು ಊರಿನಲ್ಲಿ ಒಂದೇ ತಿಥಿಗೆ ಉಬ್ಬರದ ಹೊತ್ತು ಹೆಚ್ಚುಕಡಿಮೆ ಒಂದೇ ಆಗಿರುವುದರಿಂದ ಕರಾವಳಿಯ ಮೀನುಗಾರರಿಗೆ ಪಂಚಾಂಗವೇ ಉಬ್ಬರದ ಕೋಷ್ಟಕ. ಕಯಾಕಿನಲ್ಲಿ ಹೋಗುವವರು ಉಬ್ಬರ ಏರುವಾಗ ಅದರೊಂದಿಗೆ ನದಿಯ ಮೇಲ್ಭಾಗಕ್ಕೆ ಸಾಗಿ, ನೀರು ನಿಂತ ಹೊತ್ತಿನಲ್ಲಿ ಉಪ್ಪುನೀರಿನಲ್ಲಿ ಬೆಳೆಯುವ ಕಾಂಡ್ಲಾ ಗಿಡಗಳ ನಡುವಿನ ಕಾಲುವೆಗಳನ್ನು ನೋಡಿ, ಇಳಿತದ ಜತೆಗೆ ಕೆಳಗೆ ಬಂದರೆ ತೋಳಿಗೆ ಅರ್ಧ ಶ್ರಮ. ಲೆಕ್ಕ ತಪ್ಪಿದವರು ಎರಡೂ ದಿಕ್ಕಿಗೆ ಪೂರ್ತಿ ಶ್ರಮಪಡುತ್ತಾರೆ. ಇಳಿತ ಮುಗಿಯುವ ಹೊತ್ತಿಗೆ ಕಾಲುವೆಯೊಳಗೆ ಉಳಿದವರು ಮೊಣಕಾಲುದ್ದದ ಕೆಸರಿನಲ್ಲಿ ದೋಣಿ ಎಳೆಯಬೇಕಾಗುತ್ತದೆ. ಅದೇ ಕೆಸರು ಬಳಚು ಎಂಬ ಚಿಪ್ಪುಜೀವಿಯನ್ನು ಆಯುವವರ ಗದ್ದೆಯಾದ್ದರಿಂದ ಅಲ್ಲಿ ಅವರಿಗೆ ಅಡ್ಡಬರುವಂತಿಲ್ಲ.

ಈ ಅಳಿವೆಯಲ್ಲಿ ವಿಹಾರಕ್ಕೆಂದು ದೋಣಿಯೇರಿದವರಲ್ಲಿ ಅತ್ಯಂತ ಪ್ರಸಿದ್ಧರು ರವೀಂದ್ರನಾಥ ಠಾಕೂರರು. 1880ರ ದಶಕದ ಆರಂಭದಲ್ಲಿ, ಕಾರವಾರದಲ್ಲಿ ನ್ಯಾಯಾಧೀಶರಾಗಿದ್ದ ಅಣ್ಣ ಸತ್ಯೇಂದ್ರನಾಥರ ಮನೆಗೆ ಬಂದಿದ್ದ ತರುಣ ಕವಿ ಬೆಳದಿಂಗಳ ರಾತ್ರಿಯೊಂದರಲ್ಲಿ ಕಾಳಿಯ ಮೇಲ್ಭಾಗಕ್ಕೆ ದೋಣಿಯಲ್ಲಿ ಹೋದದ್ದನ್ನು, ಹಾದಿಯಲ್ಲಿ ಹಳೆಯ ಕೋಟೆಯ ಬಳಿ ಇಳಿದು ರೈತನೊಬ್ಬನ ಅಂಗಳದಲ್ಲಿ ಬುತ್ತಿ ಉಂಡದ್ದನ್ನು ತಮ್ಮ ಆತ್ಮಕಥನದಲ್ಲಿ ದಾಖಲಿಸಿದ್ದಾರೆ. ಹಿಂತಿರುಗುವಾಗ ದೋಣಿಯನ್ನು ಹರಿವಿಗೆ ಬಿಟ್ಟರಂತೆ. ಅಳಿವೆಯ ಬಾಯಿಗೆ ಬರುವ ಹೊತ್ತಿಗೆ ಬಹಳ ತಡವಾದ್ದರಿಂದ ಸಮುದ್ರದ ಮೂಲಕ ಹೋಗುವುದನ್ನು ಕೈಬಿಟ್ಟು ಮರಳಿನ ಮೇಲೆ ನಡೆದೇ ಮನೆ ಸೇರಿದರು. ಕಾವ್ಯದ ಮಾತು ಹಾಗಿರಲಿ, ಯೋಜನೆಯ ದೃಷ್ಟಿಯಿಂದಲೂ ಆ ತೀರ್ಮಾನ ಸರಿಯಾದದ್ದೇ. ನದಿಯ ಹರಿವು, ಸಮುದ್ರದ ಇಳಿತ, ಎದುರಿನಿಂದ ಬರುವ ಅಲೆ ಮೂರೂ ಸಂಧಿಸುವ ಅಳಿವೆಯ ಬಾಯಲ್ಲಿ ಚಿಕ್ಕ ದೋಣಿಗೆ ಕೆಲಸವಿಲ್ಲ.

ಈಗಿನ ಕಯಾಕಿಗೆ ಸದಾಶಿವಗಡದ ಹೆದ್ದಾರಿ ಸೇತುವೆಯನ್ನು ಎಲ್ಲೆಯೆಂದು ಇಟ್ಟುಕೊಳ್ಳುವುದು ಒಳ್ಳೆಯದು. ಅಲ್ಲಿದ್ದ ಹಳೆಯ ಸೇತುವೆ 2024ರ ಆಗಸ್ಟ್ 7ರ ನಸುಕಿನಲ್ಲಿ ಕುಸಿದುಬಿತ್ತು. ಕಂಬಗಳಿರುವ ಯಾವ ಸೇತುವೆಯ ಬುಡದಲ್ಲೂ ಹರಿವು ದೋಣಿಯನ್ನು ಅಡ್ಡಲಾಗಿ ಕಂಬಕ್ಕೆ ಒತ್ತುವ ಅಪಾಯ ಇದ್ದೇ ಇದೆ. ಕದ್ರಾದಿಂದ ಹೆಚ್ಚಿನ ನೀರು ಬಿಟ್ಟಿರುವ ದಿನಗಳಲ್ಲಿ ಉಬ್ಬರದ ಕೋಷ್ಟಕ ಪೂರ್ತಿ ನಂಬಿಕೆಗೆ ಅರ್ಹವಲ್ಲ, 2019ರ ಆಗಸ್ಟ್‌ನಲ್ಲಿ ಹಾಗೆ ಬಿಟ್ಟ ನೀರು ಕೆಳಗಿನ ಹಳ್ಳಿಗಳಿಗೇ ನುಗ್ಗಿತ್ತು. ಮಳೆಗಾಲದ ಹೊರತಾಗಿ ಉಳಿದ ತಿಂಗಳುಗಳಲ್ಲಿ ಮಧ್ಯಾಹ್ನದ ಮೇಲೆ ಕಡಲಗಾಳಿ ಪಶ್ಚಿಮದಿಂದ ಬೀಸತೊಡಗಿ ಅಗಲವಾದ ಅಳಿವೆಯಲ್ಲಿ ಅಲೆಯೆಬ್ಬಿಸುತ್ತದೆ, ಕಾರವಾರದ ಕಡೆಗೆ ಮರಳುವವರಿಗೆ ಅದು ಎದುರುಗಾಳಿ. ಹೀಗಾಗಿ ಬೆಳಿಗ್ಗೆ ಏಳರ ಸುಮಾರಿಗೆ ಉಬ್ಬರ ಏರುತ್ತಿದ್ದು, ಹತ್ತು ಗಂಟೆಯ ನಂತರ ಇಳಿತ ಆರಂಭವಾಗುವ ದಿನವನ್ನು ಪಂಚಾಂಗದಲ್ಲಿ ಹುಡುಕಿ ಮೊದಲು ಗುರುತು ಹಾಕಿಕೊಂಡು, ಅದರ ಹಿಂದಿನ ಎರಡು ದಿನಗಳನ್ನು ಗಣೇಶಗುಡಿಗೆ ಕೊಡಬೇಕು. ಎರಡು ಏಕೆಂದರೆ, ಮೊದಲ ದಿನ ಯಂತ್ರ ಓಡದಿದ್ದರೆ ಎರಡನೆಯ ದಿನವಾದರೂ ನೀರು ಬರಬಹುದು. ಕೋಣೆ ಕಾಯ್ದಿರಿಸುವುದು ಆಮೇಲೆ.